ಗೊರಗೊರ ಸದ್ದನ್ನು ಗೆದ್ದವರು, ಕೋರ್ಟ್ ಮೆಟ್ಟಿಲಲ್ಲಿ ಸೋತರು: ಎಫ್‌ಎಂ ಕೊಟ್ಟ ಆರ್ಮ್‌ಸ್ಟ್ರಾಂಗ್ ಬದುಕಿನ ಕಥೆ

ಮನೆ ಅಟ್ಟದ ಮೇಲೆ ವರ್ಷಾನುಗಟ್ಟಲೆ ಮಲಗಿದ್ದ ಹಳೇ ಎಫ್‌ಎಂ ಟ್ಯೂನರ್ ಒಂದನ್ನು ಇಳಿಸಿ, ಧೂಳು ಒರೆಸಿ, ಪೇಟೆ ಬೀದಿಯ ರಿಪೇರಿ ಅಂಗಡಿಗೆ ಒಯ್ದರೆ ಮೆಕ್ಯಾನಿಕ್ ಮೊದಲು ಕೇಳೋದು, ಮನೇಲಿ ಪ್ಲಗ್ ಹಾಕಿ ನೋಡಿಬಿಟ್ರಾ ಅಂತ. ಇಲ್ಲ ಅಂದ್ರೆ ಅವರಿಗೆ ಸಮಾಧಾನ. ಯಾಕಂದ್ರೆ ಇಷ್ಟು ವರ್ಷ ಸುಮ್ಮನೆ ಕೂತ ಸೆಟ್ಟಿನ ಫಿಲ್ಟರ್ ಕಂಡೆನ್ಸರ್ ಒಣಗಿರುತ್ತೆ. ನೇರವಾಗಿ 230 ವೋಲ್ಟ್ ಕೊಟ್ಟರೆ ಟ್ರಾನ್ಸ್‌ಫಾರ್ಮರ್ ಸುಟ್ಟರೂ ಸುಟ್ಟಿತು.

ಅದಕ್ಕೇ ಅವರು ಮೊದಲು ಸೀರೀಸ್ ಬಲ್ಬ್ ಹಾಕಿ ಕರೆಂಟ್ ಕೊಡ್ತಾರೆ. ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಸೆಟ್ ಬದುಕಿದೆ. ಪೂರ್ತಿ ಉರೀತಾನೇ ಇದ್ದರೆ ಒಳಗೆಲ್ಲೋ ಶಾರ್ಟ್. ಆಮೇಲೆ ಸ್ಕ್ರೂ ಬಿಚ್ಚಿ ಮೇಲಿನ ಮುಚ್ಚಳ ತೆಗೀತಾರೆ. ಒಳಗೆ ಗ್ಯಾಂಗ್ ಕಂಡೆನ್ಸರ್, ಸಾಲಾಗಿ ನಿಂತ ತಗಡಿನ ಐಎಫ್‌ಟಿ ಡಬ್ಬಿಗಳು, ಡಯಲ್ ದಾರ, ಕೊನೆಯಲ್ಲಿ ಡಿಟೆಕ್ಟರ್.

ಆ ಡಬ್ಬಿಯ ಮೇಲೆ ಕಂಪನಿ ಹೆಸರಿರುತ್ತೆ. ಒಳಗಿನ ಕೆಲಸ ಕಂಡುಹಿಡಿದವರ ಹೆಸರು ಮಾತ್ರ ಎಲ್ಲೂ ಇರಲ್ಲ. ಆ ಹೆಸರು ಎಡ್ವಿನ್ ಹೊವಾರ್ಡ್ ಆರ್ಮ್‌ಸ್ಟ್ರಾಂಗ್. ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಬೇರೆ, ಇವರು ಬೇರೆ. ಇವರು ತೀರಿಕೊಂಡು ಎಪ್ಪತ್ತು ವರ್ಷ ದಾಟಿತು. ಆದರೂ ಬೆಳಗ್ಗೆ ಹೋಟೆಲಿನಲ್ಲಿ, ಬಸ್ಸಿನಲ್ಲಿ, ಕಿರಾಣಿ ಅಂಗಡಿಯ ಗಲ್ಲಾ ಪಕ್ಕದಲ್ಲಿ ಎಫ್‌ಎಂ ಹಚ್ಚಿದ ಪ್ರತಿಯೊಬ್ಬರೂ ಇವರ ಋಣದಲ್ಲಿದ್ದಾರೆ.

ಕಂಬ ಹತ್ತುವ ಹುಡುಗ

ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು 1890ರ ಡಿಸೆಂಬರ್ 18ರಂದು, ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ಅಪ್ಪ ಪುಸ್ತಕ ಪ್ರಕಾಶನ ಸಂಸ್ಥೆಯಲ್ಲಿ ಕೆಲಸಕ್ಕಿದ್ದವರು, ಅಮ್ಮ ಮದುವೆಗೆ ಮುಂಚೆ ಶಾಲಾ ಶಿಕ್ಷಕಿ. ಸಣ್ಣ ವಯಸ್ಸಿನಲ್ಲೇ ಹುಡುಗನಿಗೆ ನರದ ಕಾಯಿಲೆ ಬಂತು. ಎರಡು ವರ್ಷ ಶಾಲೆ ತಪ್ಪಿತು. ಕಾಯಿಲೆ ವಾಸಿಯಾದರೂ ಗಾಬರಿಯಾದಾಗ ಭುಜ ಮತ್ತು ಮುಖ ಅದುರುವುದು ಮಾತ್ರ ಜೀವನಪೂರ್ತಿ ಹೋಗಲಿಲ್ಲ.

ಆಮೇಲೆ ಕುಟುಂಬ ಯಾಂಕರ್ಸ್ ಎಂಬ ಊರಿಗೆ ಬಂತು. ಹಡ್ಸನ್ ನದಿ ಕಾಣುವ ಮನೆ. ಮೇಲಿನ ಅಟ್ಟವೇ ಹುಡುಗನ ಕೋಣೆ. ಮಾರ್ಕೋನಿ ತಂತಿಯಿಲ್ಲದೆ ಸಂದೇಶ ಕಳಿಸಿದ ಕಥೆ ಓದಿ ತಲೆಗೆ ಅದೇ ಹಿಡಿಯಿತು. ಹಿತ್ತಲಲ್ಲಿ 125 ಅಡಿ ಎತ್ತರದ ಏರಿಯಲ್ ಕಂಬವನ್ನು ತಾನೇ ನಿಲ್ಲಿಸಿದ. ಹಗ್ಗಕ್ಕೆ ಹಲಗೆ ಕಟ್ಟಿಕೊಂಡು ತುದಿವರೆಗೂ ಏರುತ್ತಿದ್ದ. ಕೆಳಗೆ ನಿಂತು ನೋಡುವವರಿಗೆ ಎದೆ ಝಲ್ ಅನ್ನುತ್ತಿತ್ತು, ಅವನಿಗೆ ಮೇಲೇ ಆರಾಮ.

ಹೈಸ್ಕೂಲ್ ಮುಗಿಸಿದ್ದಕ್ಕೆ ಅಪ್ಪ ಕೆಂಪು ಬಣ್ಣದ ಇಂಡಿಯನ್ ಮೋಟಾರ್‌ಸೈಕಲ್ ಕೊಡಿಸಿದರು. ಅದನ್ನೇ ಏರಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಎಂಜಿನಿಯರಿಂಗ್ ಓದಲು ದಿನಾ ಓಡಾಟ. ಅಲ್ಲಿ ಮೈಕೆಲ್ ಪ್ಯೂಪಿನ್ ಎಂಬ ದೊಡ್ಡ ಪ್ರಾಧ್ಯಾಪಕರ ಶಿಷ್ಯತ್ವ ಸಿಕ್ಕಿತು.

ಮೈಕ್ ಕೂಗಿದಂತೆ

ಆ ಕಾಲದ ರೇಡಿಯೊ ಅಂದ್ರೆ ಕಿವಿಗೆ ಹೆಡ್‌ಫೋನ್ ಒತ್ತಿ ಹಿಡಿದು ಕೇಳಬೇಕಾದ ಕ್ಷೀಣ ಸದ್ದು. ಲೀ ಡಿ ಫಾರೆಸ್ಟ್ ಎಂಬಾತ 1906ರಲ್ಲೇ ಆಡಿಯನ್ ಎಂಬ ವಾಲ್ವ್ ಮಾಡಿದ್ದರು. ಅದು ನಿಜಕ್ಕೂ ಹೇಗೆ ಕೆಲಸ ಮಾಡುತ್ತೆ ಅನ್ನೋದು ಸ್ವತಃ ಅವರಿಗೂ ಸರಿಯಾಗಿ ಬಗೆಹರಿದಿರಲಿಲ್ಲ. ವಿದ್ಯಾರ್ಥಿ ಆರ್ಮ್‌ಸ್ಟ್ರಾಂಗ್ ಅಳತೆ ಮಾಡುತ್ತಾ ಕೂತರು. 1912ರಲ್ಲಿ ದಾರಿ ಸಿಕ್ಕಿತು. ವಾಲ್ವಿನಿಂದ ಹೊರಬರುವ ಸಿಗ್ನಲ್‌ನ ಒಂದು ಪಾಲನ್ನು ತಿರುಗಿ ಒಳಕ್ಕೇ ಕೊಟ್ಟರೆ ಅದು ಮತ್ತೆ ಮತ್ತೆ ಬೆಳೆದು ಸಾವಿರಾರು ಪಟ್ಟು ಜೋರಾಗುತ್ತೆ.

ಜಾತ್ರೆ ಪೆಂಡಾಲಿನಲ್ಲಿ ಮೈಕನ್ನು ಸ್ಪೀಕರ್ ಹತ್ತಿರ ತಂದರೆ ಕುಂಯ್ ಅಂತ ಕೂಗಲ್ವಾ, ತತ್ವ ಅದೇ. ಕೂಗುವ ಗಡಿಗಿಂತ ಸ್ವಲ್ಪ ಹಿಂದೆ ನಿಲ್ಲಿಸಿದರೆ ಒಳ್ಳೇ ರಿಸೀವರ್. ಗಡಿ ದಾಟಿಸಿದರೆ ಅದೇ ವಾಲ್ವ್ ತಾನೇ ಅಲೆ ಹುಟ್ಟಿಸುವ ಟ್ರಾನ್ಸ್‌ಮಿಟರ್. ಆ ರಾತ್ರಿ ಖುಷಿ ತಡೆಯಲಾಗದೆ ಮಲಗಿದ್ದ ತಂಗಿಯನ್ನು ಎಬ್ಬಿಸಿ ಕುಣಿದರು ಅಂತ ಮನೆಯವರು ನೆನೆಯುತ್ತಿದ್ದರು.

ಪೇಟೆಂಟ್ ಮಾಡಿಸಲು ದುಡ್ಡು ಬೇಕಿತ್ತು. ಮೊದಲು ಡಿಗ್ರಿ ಮುಗಿಯಲಿ, ಆಮೇಲೆ ನೋಡೋಣ ಅಂತ ಅಪ್ಪನ ಪಟ್ಟು. ಸಂಬಂಧಿಕರ ಸಲಹೆಯಂತೆ ಸರ್ಕ್ಯೂಟಿನ ಚಿತ್ರ ಬರೆದು ನೋಟರಿ ಹತ್ತಿರ ಸಹಿ, ಸೀಲು ಹಾಕಿಸಿಟ್ಟುಕೊಂಡರು. ತಾರೀಖು 1913ರ ಜನವರಿ 31. ಈ ತಾರೀಖು ನೆನಪಿರಲಿ, ಮುಂದೆ ಮತ್ತೆ ಬರುತ್ತೆ. ಪೇಟೆಂಟ್ ಕೈಗೆ ಸಿಕ್ಕಿದ್ದು 1914ರ ಅಕ್ಟೋಬರ್‌ನಲ್ಲಿ.

1914ರ ಜನವರಿ ಕೊನೆಯಲ್ಲಿ, ನ್ಯೂಜೆರ್ಸಿಯ ಬೆಲ್ಮಾರ್ ನಿಲ್ದಾಣದಲ್ಲಿ ಚಳಿಯಲ್ಲಿ ರಾತ್ರಿಯಿಡೀ ಕೂತು ದೂರದ ದೇಶಗಳ ಸಿಗ್ನಲ್ ಹಿಡಿದು ತೋರಿಸಿದರು. ಪಕ್ಕದಲ್ಲಿ ಕೂತು ಕೇಳಿದ ಯುವಕ ಡೇವಿಡ್ ಸಾರ್ನಾಫ್. ಟೆಲಿಗ್ರಾಫ್ ಹುಡುಗನಾಗಿ ದುಡಿಮೆ ಶುರು ಮಾಡಿ, ಮುಂದೆ ಆರ್‌ಸಿಎ ಎಂಬ ದೈತ್ಯ ರೇಡಿಯೊ ಕಂಪನಿಯ ಯಜಮಾನರಾದವರು. ಇಬ್ಬರೂ ಗೆಳೆಯರಾದರು. ಈ ಗೆಳೆತನವೇ ಆರ್ಮ್‌ಸ್ಟ್ರಾಂಗ್‌ಗೆ ಹಣ ಕೊಟ್ಟಿತು, ಹೆಂಡತಿ ಕೊಟ್ಟಿತು, ಕೊನೆಗೆ ನೆಮ್ಮದಿ ಕಿತ್ತುಕೊಂಡಿತು.

ಪ್ಯಾರಿಸ್‌ನಲ್ಲಿ ಹೊಳೆದದ್ದು

ಮೊದಲ ಮಹಾಯುದ್ಧದಲ್ಲಿ ಆರ್ಮ್‌ಸ್ಟ್ರಾಂಗ್ ಅಮೆರಿಕ ಸೇನೆಯ ಸಿಗ್ನಲ್ ವಿಭಾಗ ಸೇರಿ ಪ್ಯಾರಿಸ್‌ಗೆ ಹೋದರು. ಮೇಜರ್ ಎಂಬ ಪದವಿ ಅಲ್ಲಿಂದಲೇ ಬಂದದ್ದು, ಕೊನೆವರೆಗೂ ಜನ ಹಾಗೇ ಕರೆದರು. 1918ರಲ್ಲಿ ಅಲ್ಲಿ ಅವರು ರೂಪಿಸಿದ ಸರ್ಕ್ಯೂಟಿನ ಹೆಸರು ಸೂಪರ್‌ಹೆಟರೊಡೈನ್. ಹೆಸರು ದೊಡ್ಡದು, ವಿಷಯ ಸರಳ.

ಎಪಿಎಂಸಿಗೆ ಒಬ್ಬ ರೈತ ಬುಟ್ಟಿಯಲ್ಲಿ ತರ್ತಾನೆ, ಇನ್ನೊಬ್ಬ ಗೋಣಿಯಲ್ಲಿ, ಮತ್ತೊಬ್ಬ ಟ್ರಾಲಿಯಲ್ಲಿ. ಎಲ್ಲವನ್ನೂ ಒಂದೇ ಅಳತೆಯ ಚೀಲಕ್ಕೆ ತುಂಬಿಬಿಟ್ಟರೆ ಒಂದೇ ತಕ್ಕಡಿ ಸಾಕು. ರೇಡಿಯೊದಲ್ಲೂ ಹಾಗೇ. ಯಾವ ಸ್ಟೇಷನ್ ಬಂದರೂ ಅದನ್ನು ಒಂದೇ ಗೊತ್ತಾದ ಫ್ರೀಕ್ವೆನ್ಸಿಗೆ ಇಳಿಸಿಕೊಂಡು, ಅದೊಂದನ್ನೇ ಚೆನ್ನಾಗಿ ಬೆಳೆಸುವುದು. ಎಫ್‌ಎಂ ಟ್ಯೂನರ್‌ನಲ್ಲಿ ಆ ಗೊತ್ತಾದ ಫ್ರೀಕ್ವೆನ್ಸಿ 10.7 ಮೆಗಾಹರ್ಟ್ಸ್. ಬೆಂಗಳೂರಿನ ರೇನ್‌ಬೋ 101.3ಕ್ಕೆ ಮುಳ್ಳು ತಂದಾಗ ಸೆಟ್ಟಿನೊಳಗಿನ ಆಸಿಲೇಟರ್ ಸಾಮಾನ್ಯವಾಗಿ 112.0 ಮೆಗಾಹರ್ಟ್ಸ್ ಹುಟ್ಟಿಸುತ್ತೆ. ಎರಡರ ನಡುವಿನ ವ್ಯತ್ಯಾಸ 10.7. ಐಎಫ್‌ಟಿ ಡಬ್ಬಿಗಳು ಕಾಯುತ್ತಾ ನಿಂತಿರೋದು ಅದಕ್ಕೇ.

ಮೆಕ್ಯಾನಿಕ್‌ಗಳಿಗೆ ಇದು ಪುಸ್ತಕದ ಮಾತಲ್ಲ, ದಿನದ ಕೆಲಸ. ಟ್ಯೂನರ್ ಆನ್ ಆಗುತ್ತೆ, ಸೊಯ್ ಅನ್ನುತ್ತೆ, ಯಾವ ಸ್ಟೇಷನ್ನೂ ಬರಲ್ಲ ಅಂದ್ರೆ ಮೊದಲ ಅನುಮಾನ ಆಸಿಲೇಟರ್ ಮೇಲೆ. ಪರೀಕ್ಷೆಗೆ ದುಬಾರಿ ಮೀಟರ್ ಬೇಡ. ಪಕ್ಕದಲ್ಲಿ ಇನ್ನೊಂದು ಸಣ್ಣ ಎಫ್‌ಎಂ ರೇಡಿಯೊ ಇಟ್ಟು 105.7ರ ಹತ್ತಿರ ಸ್ಟೇಷನ್ ಇಲ್ಲದ ಖಾಲಿ ಜಾಗಕ್ಕೆ ಹಾಕಬೇಕು. ಟ್ಯೂನರ್‌ನ ಮುಳ್ಳನ್ನು 95ರ ಆಸುಪಾಸಿನಲ್ಲಿ ಮೆಲ್ಲಗೆ ತಿರುಗಿಸಬೇಕು. ಒಂದು ಕಡೆ ಸಣ್ಣ ರೇಡಿಯೊದ ಸೊಯ್ ಸದ್ದು ತಟ್ಟನೆ ನಿಂತರೆ ಆಸಿಲೇಟರ್ ಬದುಕಿದೆ, ದೋಷ ಮುಂದೆಲ್ಲೋ ಇದೆ. ಎಲ್ಲೂ ನಿಲ್ಲದಿದ್ದರೆ ರೋಗ ಅಲ್ಲೇ ಅನ್ನೋ ಅನುಮಾನ ಬಲವಾಗುತ್ತೆ. 1918ರ ಲೆಕ್ಕ ಇವತ್ತೂ ರಿಪೇರಿ ಬೆಂಚಿನ ಮೇಲೆ ಕೂಡಿಬರೋದು ಹೀಗೆ.

ಇದೇ ಹೊತ್ತಿಗೆ ಫ್ರಾನ್ಸ್‌ನ ಲೂಸಿಯನ್ ಲೆವಿ ಅವರಿಗೂ ಇದೇ ಯೋಚನೆ ಬಂದಿತ್ತು. ಆಮೇಲೆ ಪೇಟೆಂಟಿನ ಬಹುಪಾಲು ಹಕ್ಕು ಲೆವಿ ಕಡೆಗೆ ಹೋಯಿತು. ಆದರೆ ಕೆಲಸ ಮಾಡುವ ಸೆಟ್ಟಾಗಿ ಅದನ್ನು ಜನರ ಮನೆಗೆ ತಂದ ಹೆಸರು ಆರ್ಮ್‌ಸ್ಟ್ರಾಂಗ್ ಅವರದ್ದೇ.

ದುಡ್ಡು, ಮದುವೆ, ಟವರ್

1920ರಲ್ಲಿ ವೆಸ್ಟಿಂಗ್‌ಹೌಸ್ ಕಂಪನಿ ಅವರ ಎರಡು ಮುಖ್ಯ ಪೇಟೆಂಟ್ ಕೊಂಡಿತು, ಬೆಲೆ 3,35,000 ಡಾಲರ್. 1922ರಲ್ಲಿ ಇನ್ನೊಂದು ಸರ್ಕ್ಯೂಟಿಗೆ ಆರ್‌ಸಿಎ ಎರಡು ಲಕ್ಷ ಡಾಲರ್ ಮತ್ತು 60 ಸಾವಿರ ಷೇರು ಕೊಟ್ಟಿತು. ಮೂವತ್ತು ದಾಟಿದ ಹೊಸದರಲ್ಲೇ ಮನುಷ್ಯ ಕೋಟ್ಯಧೀಶ. ಆರ್‌ಸಿಎಯಲ್ಲಿ ಅವರಿಗಿಂತ ಹೆಚ್ಚು ಷೇರು ಇದ್ದ ಬೇರೆ ವ್ಯಕ್ತಿ ಇರಲಿಲ್ಲ. ಕೊಲಂಬಿಯಾದಲ್ಲಿ ಪ್ರಾಧ್ಯಾಪಕರಾದಾಗ ಸಂಬಳವನ್ನೇ ತೆಗೆದುಕೊಳ್ಳಲಿಲ್ಲ.

ಸಾರ್ನಾಫ್ ಅವರ ಕಚೇರಿಗೆ ಹೋಗಿ ಬರುವಾಗ ಅಲ್ಲಿನ ಕಾರ್ಯದರ್ಶಿ ಮೇರಿಯನ್ ಮ್ಯಾಕಿನಿಸ್ ಪರಿಚಯವಾದರು. 1923ರ ಮೇ ತಿಂಗಳಲ್ಲಿ ಆರ್‌ಸಿಎ ಕಟ್ಟಡದ ಮಾಳಿಗೆ ಮೇಲಿನ ಟವರ್ ತುದಿಗೆ ಹತ್ತಿ, ಫೋಟೊ ತೆಗೆಸಿಕೊಂಡರು. ಸಾರ್ನಾಫ್ ಸಿಟ್ಟಾಗಿ ನಿಲ್ದಾಣಕ್ಕೆ ಕಾಲಿಡದಂತೆ ತಡೆದರು. ಮೇರಿಯನ್ ಮಾತ್ರ ಅದೇ ಡಿಸೆಂಬರ್‌ನಲ್ಲಿ ಮದುವೆಯಾದರು. ಮದುವೆಗೆ ಗಂಡ ಕೊಟ್ಟ ಉಡುಗೊರೆ ಕೈಯಲ್ಲಿ ಹಿಡಿದು ಒಯ್ಯಬಹುದಾದ ಮೊದಲ ಸೂಪರ್‌ಹೆಟ್ ರೇಡಿಯೊ. ತೂಕ ಭಾರಿ, ಆದರೂ ಹನಿಮೂನಿಗೆ ಸಮುದ್ರ ತೀರಕ್ಕೆ ಜೊತೆಗೇ ಹೋಯಿತು.

ಹಟ ಅಂದ್ರೆ ಹಟ

ಮೊದಲ ಸರ್ಕ್ಯೂಟ್ ತನ್ನದು ಅಂತ ಡಿ ಫಾರೆಸ್ಟ್ ತಕರಾರು ತೆಗೆದಿದ್ದರು. 1914ರಲ್ಲಿ ಹತ್ತಿದ ಜಗಳ ಇಪ್ಪತ್ತು ವರ್ಷ ನಡೆಯಿತು. 1920ರ ದಶಕದ ಆರಂಭದಲ್ಲಿ ನ್ಯೂಯಾರ್ಕ್ ಕೋರ್ಟುಗಳಲ್ಲಿ ಆರ್ಮ್‌ಸ್ಟ್ರಾಂಗ್ ಗೆದ್ದರು. ಎದುರಾಳಿ ಕೈ ಬರಿದಾಗಿತ್ತು. ನಷ್ಟ ಪರಿಹಾರ ಬಿಟ್ಟುಕೊಟ್ಟಿದ್ದರೆ ಕೇಸು ಅಲ್ಲಿಗೇ ಮುಗಿಯುತ್ತಿತ್ತು.

ಬಿಡಲಿಲ್ಲ. ಯಾಂಕರ್ಸ್ ಮನೆಯ ಕಂಬಕ್ಕೆ ಪೇಟೆಂಟ್ ನಂಬರ್ ಬರೆದ ಬಾವುಟ ಏರಿಸಿದರು, ಡಿ ಫಾರೆಸ್ಟ್ ಮನೆಯಿಂದ ಕಾಣುವ ಹಾಗೆ. ಅಂತಿಮ ಆದೇಶ ಬೀಳದೇ ಉಳಿದಿದ್ದರಿಂದ ಎದುರಾಳಿ ವಾಷಿಂಗ್ಟನ್‌ನ ಬೇರೆ ಕೋರ್ಟಿಗೆ ಹೋದರು. 1924ರಲ್ಲಿ ಗಾಳಿ ತಿರುಗಿತು. 1928ರಲ್ಲಿ ಒಮ್ಮೆ, 1934ರಲ್ಲಿ ಇನ್ನೊಮ್ಮೆ ಸುಪ್ರೀಂ ಕೋರ್ಟ್ ಡಿ ಫಾರೆಸ್ಟ್ ಪರ ನಿಂತಿತು. ತೀರ್ಪಿನ ತಾಂತ್ರಿಕ ತಿಳಿವಳಿಕೆಯೇ ತಪ್ಪು ಅಂತ ಎಂಜಿನಿಯರ್‌ಗಳು ಇವತ್ತಿಗೂ ಹೇಳ್ತಾರೆ. ಆದರೆ ಕಾನೂನಿನ ಲೆಕ್ಕದಲ್ಲಿ ಕಥೆ ಮುಗಿದಿತ್ತು.

ರೇಡಿಯೊ ಎಂಜಿನಿಯರ್‌ಗಳ ಸಂಘ ಇದೇ ಸರ್ಕ್ಯೂಟಿಗಾಗಿ ಅವರಿಗೆ ಚಿನ್ನದಂಥ ಗೌರವದ ಪದಕ ಕೊಟ್ಟಿತ್ತು. 1934ರ ಫಿಲಡೆಲ್ಫಿಯಾ ಸಮ್ಮೇಳನಕ್ಕೆ ಅದನ್ನು ಹಿಂತಿರುಗಿಸಲೆಂದೇ ಹೋದರು. ಸಂಘ ತೆಗೆದುಕೊಳ್ಳಲಿಲ್ಲ. ಪದಕ ನಿಮ್ಮದೇ ಎಂದು ಮತ್ತೊಮ್ಮೆ ಸಾರಿತು. ಸಭೆ ಚಪ್ಪಾಳೆ ತಟ್ಟಿತು. ಕೋರ್ಟ್ ಕೊಡದ್ದನ್ನು ಓರಗೆಯವರು ಕೊಟ್ಟರು.

ಗೊರಗೊರಕ್ಕೆ ಮದ್ದು

ಮೀಡಿಯಂ ವೇವ್‌ನಲ್ಲಿ ಧಾರವಾಡ, ಭದ್ರಾವತಿ ಆಕಾಶವಾಣಿ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂಗಾರಿನ ಗುಡುಗು ಮಿಂಚು ಶುರುವಾದರೆ ವಾರ್ತೆ ಹೋಗಿ ಗೊರಗೊರ ಉಳಿಯುತ್ತಿತ್ತು. ಪಕ್ಕದ ಮನೆ ಮೋಟಾರ್ ಹಾಕಿದರೂ ಅಷ್ಟೇ. ಅದಕ್ಕೆ ಕಾರಣವಿದೆ. ಎಎಂ ಪದ್ಧತಿಯಲ್ಲಿ ಮಾತು ಕೂತಿರೋದು ಅಲೆಯ ಎತ್ತರದಲ್ಲಿ. ಮಿಂಚು ಕೆಡಿಸೋದೂ ಆ ಎತ್ತರವನ್ನೇ.

ಈ ಕಾಟ ನಿಲ್ಲಿಸುವ ಒಂದು ಉಪಾಯ ಬೇಕು ಅಂತ ಸಾರ್ನಾಫ್ ಹಿಂದೆಯೇ ಗೆಳೆಯನ ಹತ್ತಿರ ಆಸೆಪಟ್ಟಿದ್ದರು. ಆರ್ಮ್‌ಸ್ಟ್ರಾಂಗ್ ವರ್ಷಗಟ್ಟಲೆ ಹೆಣಗಿದರು. ಎತ್ತರ ಬದಲಿಸೋದು ಬಿಟ್ಟು ಫ್ರೀಕ್ವೆನ್ಸಿಯನ್ನೇ ಹಿಂದೆ ಮುಂದೆ ತೂಗಿಸಿದರೆ ಹೇಗೆ ಅನ್ನೋದು ಹಳೇ ಯೋಚನೆ. ಜಾನ್ ಕಾರ್ಸನ್ ಎಂಬ ಹೆಸರಾಂತ ಗಣಿತಜ್ಞ 1922ರಲ್ಲೇ ಲೆಕ್ಕ ಹಾಕಿ, ಇದರಿಂದ ಪ್ರಯೋಜನವಿಲ್ಲ ಎಂದು ಬರೆದಿದ್ದರು. ಎಲ್ಲರೂ ಒಪ್ಪಿ ಸುಮ್ಮನಾಗಿದ್ದರು.

ಎಲ್ಲರೂ ಫ್ರೀಕ್ವೆನ್ಸಿಯನ್ನು ಕಿರಿದಾಗಿ ತೂಗಿಸುತ್ತಿದ್ದ ಕಡೆ ಆರ್ಮ್‌ಸ್ಟ್ರಾಂಗ್ ಅಗಲವಾಗಿ ತೂಗಿಸಿದರು. ಇವತ್ತು ಎಫ್‌ಎಂ ಸ್ಟೇಷನ್ ಎರಡೂ ಕಡೆ 75 ಕಿಲೋಹರ್ಟ್ಸ್‌ವರೆಗೆ ತೂಗುತ್ತೆ. ರಿಸೀವರ್‌ನಲ್ಲಿ ಲಿಮಿಟರ್ ಎಂಬ ಭಾಗ ಇಟ್ಟರು. ರಾಗಿ ಹೊಲದಲ್ಲಿ ಸಾಲುಗಳ ಅಂತರವೇ ಸಂದೇಶ ಅಂದುಕೊಳ್ಳಿ. ಹಾಗಿದ್ದಾಗ ಪೈರಿನ ತಲೆಯನ್ನು ಕುಡುಗೋಲಿನಿಂದ ಸಮನಾಗಿ ಸವರಿಬಿಟ್ಟರೂ ಸಂದೇಶಕ್ಕೆ ಏನೂ ಆಗಲ್ಲ. ಲಿಮಿಟರ್ ಮಾಡೋದು ಅದನ್ನೇ. ಮಿಂಚು ಏರಿಸಿದ ತಲೆಯನ್ನು ಸವರುತ್ತೆ. ಮುಂದೆ ಡಿಟೆಕ್ಟರ್ ಸಾಲಿನ ಅಂತರ ಓದಿ ಮಾತಾಗಿಸುತ್ತೆ. 1933ರ ಡಿಸೆಂಬರ್ 26ರಂದು ಇದರ ಪೇಟೆಂಟ್‌ಗಳು ಕೈಗೆ ಬಂದವು.

1934ರಲ್ಲಿ ಆರ್‌ಸಿಎ ಅವಕಾಶ ಕೊಟ್ಟು, ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ತುದಿಯಿಂದ ಪ್ರಯೋಗ ನಡೆಯಿತು. ಸುಮಾರು 80 ಮೈಲಿ ದೂರದ ಹ್ಯಾಡನ್‌ಫೀಲ್ಡ್ ಊರಿನಲ್ಲೂ ಸಂಗೀತ ಸ್ವಚ್ಛವಾಗಿ ಕೇಳಿತು. 1935ರಲ್ಲಿ ಕಂಪನಿ ಟಿವಿ ಪ್ರಯೋಗಕ್ಕೆ ಜಾಗ ಬೇಕು ಅಂತ ಅವರ ಸಾಮಾನು ತೆಗೆಸಿತು. ಸಾರ್ನಾಫ್ ಕೇಳಿದ್ದು ಎಎಂ ರೇಡಿಯೊಕ್ಕೆ ಸಿಕ್ಕಿಸುವ ಸಣ್ಣ ಉಪಾಯ. ಆರ್ಮ್‌ಸ್ಟ್ರಾಂಗ್ ತಂದಿದ್ದು ಎಎಂ ವ್ಯಾಪಾರವನ್ನೇ ಬುಡಮೇಲು ಮಾಡುವ ಹೊಸ ಪದ್ಧತಿ. ಎಎಂನಲ್ಲಿ ಅಷ್ಟು ದುಡ್ಡು ಹೂಡಿ, ಇನ್ನು ಟಿವಿಗೆ ಹೂಡಲು ಹೊರಟ ಕಂಪನಿಗೆ ಇದು ಬೇಡವಾಗಿತ್ತು.

1935ರ ನವೆಂಬರ್ 5ರಂದು ಎಂಜಿನಿಯರ್‌ಗಳ ಸಭೆಯಲ್ಲಿ ಆರ್ಮ್‌ಸ್ಟ್ರಾಂಗ್ ರಿಸೀವರ್ ಆನ್ ಮಾಡಿದರು. ಯಾಂಕರ್ಸ್‌ನ ಗೆಳೆಯನ ಮನೆಯಿಂದ ಪ್ರಸಾರ. ಲೋಟಕ್ಕೆ ನೀರು ಸುರಿದ ಸದ್ದು ನೀರಿನ ಸದ್ದಾಗೇ ಕೇಳಿತು, ಕಾಗದ ಮುದುಡಿದ್ದು ಕಾಗದದ್ದಾಗೇ. ಸದ್ದು ಇಲ್ಲದಾಗ ಪೂರ್ತಿ ಮೌನ. ರೇಡಿಯೊದಿಂದ ಅಂಥ ಮೌನ ಜನ ಕೇಳಿರಲೇ ಇಲ್ಲ. ಅದೇ 1935ರಲ್ಲಿ ಇತ್ತ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಆಕಾಶವಾಣಿ ಶುರು ಮಾಡಿದ್ದರು. ಅದು ಎಎಂ. ನಮ್ಮ ದೇಶದಲ್ಲಿ ಎಫ್‌ಎಂ ಪ್ರಸಾರ ಬರಲು 1977ರವರೆಗೆ ಕಾಯಬೇಕಾಯಿತು, ಅದೂ ಮೊದಲು ಮದ್ರಾಸಿನಲ್ಲಿ. ದೇಶದ ಮೊದಲ ಖಾಸಗಿ ಎಫ್‌ಎಂ 2001ರಲ್ಲಿ ಬೆಂಗಳೂರಿನಿಂದ ಹೊರಟಿತು.

ಸೆಟ್ ಸರಿ ಇದೆ, ಸ್ಟೇಷನ್ನೇ ಇಲ್ಲ

ಯಾರೂ ಕೈ ಹಾಕದಿದ್ದಾಗ ಆರ್ಮ್‌ಸ್ಟ್ರಾಂಗ್ ತಮ್ಮ ಆರ್‌ಸಿಎ ಷೇರು ಮಾರಿದರು. ನ್ಯೂಜೆರ್ಸಿಯ ಆಲ್ಪೈನ್‌ನಲ್ಲಿ 400 ಅಡಿಗೂ ಎತ್ತರದ ಟವರ್ ಎಬ್ಬಿಸಿದರು. ಖರ್ಚು ಮೂರು ಲಕ್ಷ ಡಾಲರ್‌ಗೂ ಮೇಲೆ. ನಿಧಾನಕ್ಕೆ ಎಫ್‌ಎಂ ಹಬ್ಬಿತು. ಸರ್ಕಾರ 42ರಿಂದ 50 ಮೆಗಾಹರ್ಟ್ಸ್ ಜಾಗ ಕೊಟ್ಟಿತು. ಸೆಟ್ ತಯಾರಿಸುವ ಹಲವು ಕಂಪನಿಗಳು ರಾಯಧನ ಕೊಟ್ಟವು. ಆರ್‌ಸಿಎ 1940ರಲ್ಲಿ ಒಂದೇ ಗಂಟಾಗಿ ಹತ್ತು ಲಕ್ಷ ಡಾಲರ್ ಕೊಡಲು ಬಂತು. ಬೇರೆಯವರು ಕೊಡುವ ಹಾಗೆ ಸೆಟ್ಟಿಗಿಷ್ಟು ಅಂತ ನೀವೂ ಕೊಡಿ ಅಂತ ಇವರು ಒಪ್ಪಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸೇನೆಗೆ ಮಾತ್ರ ಪೇಟೆಂಟ್‌ಗಳನ್ನು ಪುಕ್ಕಟೆ ಬಳಸಲು ಬಿಟ್ಟರು.

1945ರಲ್ಲಿ ದೊಡ್ಡ ಪೆಟ್ಟು ಬಿತ್ತು. ಸರ್ಕಾರದ ಪ್ರಸಾರ ಆಯೋಗ ಎಫ್‌ಎಂ ಅನ್ನು ಹಳೇ ಜಾಗದಿಂದ ಎಬ್ಬಿಸಿ, ಈಗಿನ 88ರಿಂದ 108 ಮೆಗಾಹರ್ಟ್ಸ್ ಕಡೆಗೆ ಕಳಿಸಿತು. ಸೂರ್ಯನ ಕಲೆಗಳಿಂದ ಹಳೇ ಬ್ಯಾಂಡ್‌ನಲ್ಲಿ ಅಡ್ಡಿ ಬರುತ್ತೆ ಅನ್ನೋದು ಕೊಟ್ಟ ಕಾರಣ. ಆರ್ಮ್‌ಸ್ಟ್ರಾಂಗ್ ಎಷ್ಟು ವಾದಿಸಿದರೂ ನಡೆಯಲಿಲ್ಲ. ಜನ ದುಡ್ಡು ಕೊಟ್ಟು ಕೊಂಡಿದ್ದ ನಾಲ್ಕೈದು ಲಕ್ಷ ಸೆಟ್‌ಗಳು ಹೊಸ ಬ್ಯಾಂಡಿಗೆ ನಿರುಪಯೋಗಿ. ಆ ಕಾಲದ ಸೆಟ್ ಇವತ್ತು ಯಾರಾದರೂ ರಿಪೇರಿಗೆ ತಂದರೆ ಮೆಕ್ಯಾನಿಕ್ ಎಲ್ಲಾ ವಾಲ್ವ್ ಬದಲಿಸಿದರೂ ಸ್ಟೇಷನ್ ಬರಲ್ಲ. ದೋಷ ಸೆಟ್ಟಿನಲ್ಲಿಲ್ಲ, ಆ ಜಾಗದಲ್ಲಿ ಎಫ್‌ಎಂ ಪ್ರಸಾರವೇ ನಿಂತುಹೋಗಿದೆ.

ಕೊನೆಯ ಕೇಸು

ಆರ್‌ಸಿಎ ಸುಮ್ಮನಿರಲಿಲ್ಲ. ತನ್ನದೇ ಎಫ್‌ಎಂ ವಿಧಾನ ಇದೆ ಅಂತ ಹೇಳಿಕೊಂಡು ಸೆಟ್ ಮಾರಿತು. ಟಿವಿಯ ಧ್ವನಿಗೂ ಎಫ್‌ಎಂ ಬಳಕೆಯಾಯಿತು, ರಾಯಧನ ಮಾತ್ರ ಬರಲಿಲ್ಲ. 1948ರ ಜುಲೈನಲ್ಲಿ ಆರ್ಮ್‌ಸ್ಟ್ರಾಂಗ್ ಕೇಸು ಹಾಕಿದರು. ಎದುರು ಪಕ್ಷದ ವಕೀಲರು ಅವರನ್ನೇ ತಿಂಗಳುಗಟ್ಟಲೆ ಪ್ರಶ್ನೆ ಕೇಳುತ್ತಾ ಕೂತರು. ಹಳೇ ಗೆಳೆಯ ಸಾರ್ನಾಫ್, ಎಫ್‌ಎಂ ಬೆಳೆಸಿದ್ದು ಆರ್ಮ್‌ಸ್ಟ್ರಾಂಗ್‌ಗಿಂತ ಹೆಚ್ಚಾಗಿ ತಮ್ಮ ಕಂಪನಿಯೇ ಅಂತ ಸಾಕ್ಷ್ಯ ನುಡಿದರು. ಮುಂದೆ ಕೂತು ಅದನ್ನು ಕೇಳಿದ ಮೇಲೆ ರಾಜಿ ಮಾತು ದೂರವಾಯಿತು.

ಕೇಸು ಎಳೆದಷ್ಟೂ ಲಾಭ ಎದುರಿನವರಿಗೆ. 1950ಕ್ಕೆ ಪೇಟೆಂಟ್ ಅವಧಿ ಮುಗಿಯಿತು, ರಾಯಧನ ನಿಂತಿತು, ವಕೀಲರ ಫೀಸು ನಿಲ್ಲಲಿಲ್ಲ. ಕೋರ್ಟ್ ಕಚೇರಿ ಹತ್ತಿದ ಜಮೀನು ವ್ಯಾಜ್ಯ ನೋಡಿದ ಯಾವ ಊರಿನವರಿಗೂ ಈ ದಾರಿ ಗೊತ್ತು.

ಮೇರಿಯನ್ ರಾಜಿ ಮಾಡಿಕೊಳ್ಳಿ ಅಂತ ಬೇಡಿದರು. 1953ರ ನವೆಂಬರ್‌ನ ಹಬ್ಬದ ದಿನ ಮನೆಯಲ್ಲಿ ಜಗಳ ಜೋರಾಯಿತು. ಸಿಟ್ಟಿನ ಭರದಲ್ಲಿ ಆರ್ಮ್‌ಸ್ಟ್ರಾಂಗ್ ಅಗ್ಗಿಷ್ಟಿಕೆ ಕೆದಕುವ ಕಬ್ಬಿಣದ ಸಲಾಕೆಯಿಂದ ಹೆಂಡತಿಯ ತೋಳಿಗೆ ಹೊಡೆದುಬಿಟ್ಟರು. ಮೂವತ್ತು ವರ್ಷ ಜೊತೆಗಿದ್ದ ಮೇರಿಯನ್ ತಂಗಿ ಮನೆಗೆ ಹೋದರು. ದೊಡ್ಡ ಮನೆಯಲ್ಲಿ ಮನುಷ್ಯ ಒಬ್ಬರೇ ಉಳಿದರು.

1954ರ ಜನವರಿ 31ರ ರಾತ್ರಿ ಪತ್ನಿಗೆ ಕ್ಷಮೆ ಕೋರಿ ಪತ್ರ ಬರೆದಿಟ್ಟು ಆರ್ಮ್‌ಸ್ಟ್ರಾಂಗ್ ಪ್ರಾಣ ಕಳೆದುಕೊಂಡರು. ವಯಸ್ಸು 63. ಮೊದಲ ಸರ್ಕ್ಯೂಟಿಗೆ ನೋಟರಿ ಸೀಲು ಬಿದ್ದು ಆ ದಿನಕ್ಕೆ ಸರಿಯಾಗಿ 41 ವರ್ಷ.

ಮೇರಿಯನ್ ಬಿಡಲಿಲ್ಲ

ರಾಜಿ ಬಯಸಿದ್ದ ಮೇರಿಯನ್, ಗಂಡ ಹೋದ ಮೇಲೆ ಮಣಿಯಲಿಲ್ಲ. ಅದೇ ವರ್ಷದ ಕೊನೆಗೆ ಆರ್‌ಸಿಎ ಜೊತೆ ಹತ್ತು ಲಕ್ಷ ಡಾಲರ್‌ಗಿಂತ ಸ್ವಲ್ಪ ಹೆಚ್ಚಿಗೆ ಇತ್ಯರ್ಥವಾಯಿತು. 1940ರಲ್ಲಿ ಕಂಪನಿ ಕೊಡಲು ಬಂದಿದ್ದೂ ಹತ್ತಿರ ಹತ್ತಿರ ಅಷ್ಟೇ. ಉಳಿದ ಕಂಪನಿಗಳ ಮೇಲಿನ ಕೇಸುಗಳನ್ನು ಒಂದೊಂದಾಗಿ ನಡೆಸಿದರು. ಕೊನೆಯದು ಮೊಟೊರೊಲಾ ವಿರುದ್ಧದ್ದು, ಅದನ್ನು ಗೆದ್ದಾಗ 1967. ಹದಿಮೂರು ವರ್ಷ ಹಿಡಿಯಿತು. ಎಫ್‌ಎಂ ಆರ್ಮ್‌ಸ್ಟ್ರಾಂಗ್ ಅವರದ್ದೇ ಅನ್ನೋದು ಆಗ ಕಾಗದದ ಮೇಲೂ ನಿಂತಿತು. 1983ರಲ್ಲಿ ಅಮೆರಿಕ ಸರ್ಕಾರ ಅವರ ಅಂಚೆ ಚೀಟಿ ತಂದಿತು. ಆಲ್ಪೈನ್ ಟವರ್ ಇನ್ನೂ ನಿಂತಿದೆ. 2001ರ ಸೆಪ್ಟೆಂಬರ್ ದಾಳಿಯಲ್ಲಿ ನ್ಯೂಯಾರ್ಕಿನ ಅವಳಿ ಕಟ್ಟಡ ಉರುಳಿ ಟಿವಿ ಪ್ರಸಾರ ನಿಂತಾಗ, ಕೆಲವು ಚಾನೆಲ್‌ಗಳಿಗೆ ಆಸರೆ ಕೊಟ್ಟಿದ್ದು ಇದೇ ಹಳೇ ಟವರ್.

ಮನೇಲಿ ಹಳೇ ಟ್ಯೂನರ್ ಇದ್ದರೆ

ಗುಜರಿಗೆ ಹಾಕುವ ಮುಂಚೆ ಒಮ್ಮೆ ಮೆಕ್ಯಾನಿಕ್‌ಗೆ ತೋರಿಸಿ. ಹೊರದೇಶದ ಸೆಟ್ ಆದರೆ ಹಿಂದೆ ಬರೆದ ವೋಲ್ಟೇಜ್ ಮೊದಲು ನೋಡಿ. 110 ವೋಲ್ಟ್ ಸೆಟ್ಟಿಗೆ ನಮ್ಮ ಕರೆಂಟ್ ಕೊಟ್ಟರೆ ಅಲ್ಲಿಗೆ ಮುಗೀತು. ಜಪಾನ್ ಒಳಮಾರುಕಟ್ಟೆಯ ಹಳೇ ಸೆಟ್‌ಗಳ ಡಯಲ್ 76ರಿಂದ 90ರವರೆಗೆ ಮಾತ್ರ ಇರುತ್ತೆ. ಅದರಲ್ಲಿ 101.3 ಹುಡುಕಿ ಪ್ರಯೋಜನವಿಲ್ಲ.

ಗುಂಯ್ ಅನ್ನುತ್ತಿದ್ದರೆ ಹೆಚ್ಚಾಗಿ ಫಿಲ್ಟರ್ ಕಂಡೆನ್ಸರ್. ಮುಳ್ಳು ತಿರುಗಿಸುವಾಗ ಮಾತ್ರ ಕರಕರ ಅಂದರೆ ಗ್ಯಾಂಗ್ ಕಂಡೆನ್ಸರ್‌ನ ಶಾಫ್ಟ್ ಹತ್ತಿರ ಕೊಳೆ ಕೂತಿರುತ್ತೆ, ಕ್ಲೀನರ್ ಸ್ಪ್ರೇ ಸಾಕು. ಗುಬುಟು ತಿರುಗಿ ಮುಳ್ಳು ಕದಲದಿದ್ದರೆ ಡಯಲ್ ದಾರ ಜಾರಿದೆ ಅಥವಾ ಕಡಿದಿದೆ. ಸ್ಟೇಷನ್ ಜೋರಾಗಿದ್ದೂ ಮಾತು ಒಡೆದು ಬಂದರೆ ಡಿಟೆಕ್ಟರ್ ಕಾಯಿಲ್ ಹದ ತಪ್ಪಿರಬಹುದು. ಆದರೆ ಐಎಫ್‌ಟಿ ಡಬ್ಬಿಯ ತುದಿಯ ಸ್ಕ್ರೂಗೆ ಮಾತ್ರ ಮನೇಲಿ ಸ್ಕ್ರೂಡ್ರೈವರ್ ಹಾಕಬೇಡಿ. ಒಂದು ಸುತ್ತು ಹೆಚ್ಚುಕಡಿಮೆ ಆದರೆ 10.7ರ ಲೆಕ್ಕ ತಪ್ಪುತ್ತೆ, ಅದನ್ನು ಮತ್ತೆ ಕೂಡಿಸಲು ಅಂಗಡಿಯವರಿಗೆ ಅರ್ಧ ದಿನ ಬೇಕು.

ರಿಪೇರಿ ಮುಗಿದು, ಸ್ಟೇಷನ್ ಸರಿಯಾಗಿ ಕೂತು, ಹಾಡು ಹಾಡಿನ ನಡುವೆ ಒಂದು ಕ್ಷಣ ಪೂರ್ತಿ ಸದ್ದಿಲ್ಲದೆ ಹೋಗುತ್ತೆ ನೋಡಿ. 1935ರ ಆ ಸಭೆಯಲ್ಲಿ ಎಂಜಿನಿಯರ್‌ಗಳು ಬೆರಗಾಗಿ ಕೇಳಿದ್ದು ಅದನ್ನೇ.